ನಿಂತಾಗ ಉದ್ದ, ಮಲಗಿದಾಗ ಗಿಡ್ಡ

ನಲವತ್ತರ ದಶಕದಲ್ಲಿ ನಾನು ಕುಮಟೆಯಲ್ಲಿ ಜಂಗಲ್ ಖಾತೆಯ ಕಾರಕೂನ. ಹೊನ್ನಾವರದ ದೋಣಿ ಯಜಮಾನನೊಬ್ಬ ಹಾಯಿಕಂಬಕ್ಕೆಂದು ಯಾಣದ ಕಡೆ ತಾನೇ ಆರಿಸಿದ ಮರವನ್ನು ಕಡಿಸಿಕೊಟ್ಟೆ. ಮರ ಉರುಳಿದ್ದೇ ತಡ, ಅವನು ಸೊಂಟಕ್ಕೆ ಕೈಯಿಟ್ಟ.

“ಎಂತ ಕಾರಕೂನ್ರೇ, ಒಂದು ಮಾರುದ್ದ ಎಲ್ಲಿ ನುಂಗಿದ್ರಿ? ಸಾಹೇಬ್ರಿಗೆ ಹೇಳ್ತೆ!”

ನೌಕರಿ ಹೋದೀತೆಂದು ನಾನು ಓಡಿಹೋಗಿ ಬುಡ ತಟ್ಟಿ ತೋರಿಸಿದೆ. “ಮಾರಾಯ, ಬುಡ ಇಲ್ಲೇ ಉಂಟು, ತುದಿಯಲ್ಲಿ ಎಲೆಯೂ ಉಂಟು. ನಡುವೆ ನುಂಗಿದೆನಾ? ಇದು ಮಂಡೆಯ ಮೋಸ. ಒಂದೇ ಮರ ನಿಂತಾಗ ಉದ್ದ ಕಾಣ್ತದೆ, ಮಲಗಿದಾಗ ಗಿಡ್ಡ. ಕಾಲೇಜಿನಲ್ಲಿ ಕಲಿಸಿದ್ದಾರೆ!”

ಅವನು ಬುಡದಿಂದ ತುದಿಯವರೆಗೆ ನಡೆದುನೋಡಿ ನಕ್ಕ. “ಹಂಗಾರೆ ಆತು, ಹೊರ್ಸಿ. ದೋಣಿಯಲ್ಲಿ ನಿಲ್ಲಿಸ್ತೆ ಅಲ್ಲಾ, ಮತ್ತೆ ಉದ್ದ ಆಗ್ತದೆ.”

ಇದನ್ನು ಕಲಿಸಿದ ನಮ್ಮ ಪ್ರೊಫೆಸರರಿಗೇ ಇಷ್ಟು ಹೊಳೆದಿದ್ದರೆ, ಆ ಕುಳ್ಳ ಪುಣ್ಯಾತ್ಮ ಕುರ್ಚಿಯಲ್ಲಿ ಕೂತು ಪಾಠ ಮಾಡುತ್ತಿರಲಿಲ್ಲ.