ರಾಜಾಧಿರಾಜನ ನರಹುಲಿ

ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋದಾಗಲೆಲ್ಲ ನಾನು ಸೋತು ಬಂದಿದ್ದೇನೆ. ನಗಬಾರದು, ಕನ್ನಡಕ ತೆಗೆಯಬೇಕು, ಕೂದಲು ಹಣೆಗೆ ಬೀಳಬಾರದು. ಇಷ್ಟೆಲ್ಲ ಷರತ್ತು ಪಾಲಿಸಿದ ಮೇಲೆ ಉಳಿಯುವ ಮುಖ ನನ್ನದೆಂದು ನಾನೇ ಒಪ್ಪುವುದಿಲ್ಲ. ಮನೆಗೆ ಬಂದು ಹೆಂಡತಿಗೆ ತೋರಿಸಿದರೆ ಅವಳು ಮಾತ್ರ “ಸರಿಯಾಗೇ ಇದೆಯಲ್ಲ” ಎನ್ನುತ್ತಾಳೆ. ಇಂಥ ನನಗೆ, ಹಣೆಯ ಮೇಲಿನ ನರಹುಲಿಯನ್ನೂ ಬಿಡದೆ ಬೆಳ್ಳಿಯಲ್ಲಿ ಅಚ್ಚು ಹಾಕಿಸಿಕೊಂಡ ಒಬ್ಬ ಮಹಾರಾಜನ ಮುಖ ಮೊದಲ ಸಲ ಕಂಡಾಗ ಅವನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. ದೇಶದ ಟಂಕಸಾಲೆಯೇ ಕೈಯಲ್ಲಿರುವವನು ಬೇಕೆಂದರೆ ಮನ್ಮಥನಾಗಬಹುದಿತ್ತು. ಇವನು ಇದ್ದ ಹಾಗೇ ಇದ್ದ.

ಹೆಸರು ನಾಲ್ಕನೆಯ ಫ್ರಾಟೀಸ್, ಪಾರ್ಥಿಯಾದ ದೊರೆ. ಪಾರ್ಥಿಯಾ ಎಂದರೆ ಎರಡು ಸಾವಿರ ವರ್ಷಗಳ ಹಿಂದೆ ಈಗಿನ ಇರಾನ್, ಇರಾಕುಗಳ ತುಂಬ ಹಬ್ಬಿಕೊಂಡು ರೋಮಿನವರ ನಿದ್ದೆ ಕೆಡಿಸಿದ ರಾಜ್ಯ. ಅಲ್ಲಿನ ಸವಾರರು ಸೋತು ಓಡುವಂತೆ ನಟಿಸುತ್ತ, ಓಡುವ ಕುದುರೆಯ ಮೇಲೇ ಹಿಂದಕ್ಕೆ ತಿರುಗಿ ಬಾಣ ಬಿಡುತ್ತಿದ್ದರಂತೆ. ಆಫೀಸಿನಲ್ಲಿ ರಾಜೀನಾಮೆ ಕೊಟ್ಟವರು ಕೊನೆಯ ದಿನ ಎಲ್ಲರಿಗೂ ಕಳಿಸುವ ಈಮೇಲು ಓದಿದಾಗ ನನಗೆ ಈ ಸವಾರರ ನೆನಪಾಗುತ್ತದೆ.

ನಾಣ್ಯ ನನಗೆ ಸಿಕ್ಕಿದ್ದು ಸಿಡ್ನಿಯ ವಿಲ್ಫ್ರೆಡ್‌ನಿಂದ. ವಿಲ್ಫ್ರೆಡ್ ಮಂಗಳೂರಿನವನು, ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ನಾಣ್ಯಗಳೊಡನೆ ಪಿಸುಮಾತು. ನಾನು ಮೆಲ್ಬರ್ನಿನ ವೆರಿಬೀಯವನು. ಕೆಲಸದ ನೆಪದಲ್ಲಿ ಸಿಡ್ನಿಗೆ ಹೋದಾಗಲೆಲ್ಲ ಹ್ಯಾರಿಸ್ ಪಾರ್ಕಿನ ಒಂದು ದೋಸೆ ಹೋಟೆಲಿನಲ್ಲಿ ನಾವಿಬ್ಬರೂ ಸೇರಿ, ಚಟ್ನಿ ಬಟ್ಟಲುಗಳನ್ನು ದೂರ ಸರಿಸಿ, ಮೇಜಿನ ಮೇಲೆ ಸಾಮ್ರಾಜ್ಯಗಳನ್ನು ಹರಡುತ್ತೇವೆ. ಅಲ್ಲಿಯೇ ಒಂದು ಮಧ್ಯಾಹ್ನ ನನ್ನ ಬಳಿಯಿದ್ದ ಮೈಸೂರು ಸೀಮೆಯ ಆನೆ ಗುರುತಿನ ತಾಮ್ರದ ಕಾಸುಗಳನ್ನು ಅವನಿಗೆ ಕೊಟ್ಟು ಈ ರಾಜನನ್ನು ಮನೆಗೆ ತಂದೆ. “ಆನೆ ಕೊಟ್ಟು ನರಹುಲಿ ತಕೊಂಡ ಮೊದಲ ಗಿರಾಕಿ ನೀವೇ ಮಾರಾಯ್ರೆ,” ಎಂದ ವಿಲ್ಫ್ರೆಡ್.

ಇಲ್ಲಿನ ಐದು ಸೆಂಟಿನ ಬಿಲ್ಲೆಯಷ್ಟೇ ಅಗಲದ ನಾಣ್ಯ ಅದು. ಒಂದು ಕಡೆ ಎಡಕ್ಕೆ ಮುಖ ಮಾಡಿದ ಗಡ್ಡದ ರಾಜ, ಹಣೆಯಲ್ಲಿ ಆ ಗಂಟು, ತಲೆಯ ಹಿಂದೆ ಒಂದು ಹದ್ದು. ಇನ್ನೊಂದು ಕಡೆ ಸಿಂಹಾಸನದ ಮೇಲೆ ಕೂತು ಬಿಲ್ಲನ್ನು ಮುಂದೆ ಹಿಡಿದ ಒಬ್ಬ ಬಿಲ್ಲುಗಾರ. ವಂಶದ ಮೂಲಪುರುಷ ಅರ್ಸಾಕಿಸ್ ಎನ್ನುತ್ತಾರೆ. ಅವನ ನಾಲ್ಕೂ ಕಡೆ ಗ್ರೀಕ್ ಅಕ್ಷರದಲ್ಲಿ ಬಿರುದುಗಳು: ರಾಜಾಧಿರಾಜ, ಪರೋಪಕಾರಿ, ನ್ಯಾಯವಂತ, ಪ್ರತ್ಯಕ್ಷದೇವತೆ, ಗ್ರೀಕರ ಗೆಳೆಯ. ಇಷ್ಟೆಲ್ಲ ಹೇಳಿಕೊಂಡವನು ಸ್ವಂತ ಹೆಸರನ್ನೇ ಬರೆಸಿಲ್ಲ, ಅರ್ಸಾಕಿಸ್ ಎಂದಷ್ಟೇ ಇದೆ. ಆ ವಂಶದಲ್ಲಿ ಸಿಂಹಾಸನ ಏರಿದವರೆಲ್ಲ ಅರ್ಸಾಕಿಸರೇ. ಮುಖ ಯಾರದ್ದೆಂದು ಪತ್ತೆ ಹಚ್ಚುವ ಕೆಲಸ ನಮ್ಮಂಥ ಕೆಲಸವಿಲ್ಲದವರಿಗೆ ಬಿಟ್ಟಿದ್ದು.

ಈಗ ಈ ನ್ಯಾಯವಂತ ಪರೋಪಕಾರಿಯ ಚರಿತ್ರೆಯನ್ನೂ ಕೇಳಿಬಿಡಿ. ಹಳೆಯ ಇತಿಹಾಸಕಾರರು ಹೇಳುವ ಪ್ರಕಾರ, ಮುದಿ ತಂದೆ ತಾನಾಗಿಯೇ ಇವನನ್ನು ಉತ್ತರಾಧಿಕಾರಿ ಮಾಡಿದ್ದ. ಇವನಿಗೆ ಅಷ್ಟೂ ತಾಳ್ಮೆಯಿಲ್ಲ. ಜಲೋದರದಿಂದ ನರಳುತ್ತಿದ್ದ ತಂದೆಗೆ ವಿಷ ಕೊಟ್ಟ. ಮುದುಕನ ಅದೃಷ್ಟ ನೋಡಿ, ವಿಷವೇ ಔಷಧವಾಗಿ ಅವನು ಚೇತರಿಸಿಕೊಳ್ಳತೊಡಗಿದ. ಕೊನೆಗೆ ಮಗ ಕತ್ತು ಹಿಸುಕಿಯೇ ಕೆಲಸ ಮುಗಿಸಬೇಕಾಯಿತು. ಆಮೇಲೆ ಅಣ್ಣತಮ್ಮಂದಿರ ಸರದಿ. ಮುಂದೆ ರೋಮಿನ ಚಕ್ರವರ್ತಿಯೊಡನೆ ರಾಜಿಯಾಗಿ, ಅಲ್ಲಿಂದ ಉಡುಗೊರೆಯಾಗಿ ಬಂದ ಮೂಸಾ ಎಂಬ ದಾಸಿಯನ್ನೇ ರಾಣಿ ಮಾಡಿಕೊಂಡ. ಅವಳ ಮಾತು ಕೇಳಿ ಬೇರೆ ಗಂಡುಮಕ್ಕಳನ್ನೆಲ್ಲ ರೋಮಿಗೆ ಸಾಗಹಾಕಿದ. ಉಳಿದವನು ಅವಳ ಮಗನೊಬ್ಬನೇ. ತಾಯಿ ಮಗ ಸೇರಿ ಇವನಿಗೆ ವಿಷ ಹಾಕಿದರು, ಈ ಸಲ ಅದು ಔಷಧವಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಇಷ್ಟು ಚೊಕ್ಕವಾಗಿ ಫಲಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ತಮಾಷೆಯೆಂದರೆ, ಇವನು ಕೊಂದ ಆ ತಂದೆಯ ನಾಣ್ಯಗಳಲ್ಲೂ ಹಣೆಯ ಮೇಲೆ ಅಂಥದೇ ಗಂಟಿದೆ. ಅಪ್ಪನ ಮೂಗು ನನಗೆ ಬಂತೆಂದು ನಾನು ಚಿಕ್ಕಂದಿನಲ್ಲಿ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದುದುಂಟು. ಆದರೆ ಮಾತು ಬಿಡುವುದಕ್ಕಿಂತ ಮುಂದೆ ಹೋದವನಲ್ಲ.

ಇಂಥ ರಾಜ ನಮ್ಮ ಮನೆಯ ಮೇಜಿನ ಡ್ರಾಯರಿನಲ್ಲಿ ಹತ್ತಿಯ ಮೇಲೆ ಮಲಗಿದ್ದಾಗ ನಮ್ಮತ್ತೆ ಚಿತ್ರದುರ್ಗದಿಂದ ಬಂದರು. ವಿಸಿಟರ್ ವೀಸಾ, ಮೂರು ಬಗೆಯ ಚಟ್ನಿಪುಡಿ, ಮತ್ತು ಒಂದು ಕೊರಗು. ಕೊರಗಿನ ವಿಷಯ ಹೇಳಬೇಕು. ಅವರ ತವರಿನಿಂದ ಬಂದ ಒಂದು ರಾಮಟಂಕ ಅವರ ದೇವರ ಪೆಟ್ಟಿಗೆಯಲ್ಲಿತ್ತು. ರಾಮಟಂಕ ಗೊತ್ತಲ್ಲ, ರಾಮದೇವರ ಚಿತ್ರ ಅಚ್ಚು ಹಾಕಿದ ನಾಣ್ಯದಂಥ ಬಿಲ್ಲೆ, ಸಂತೆಗಲ್ಲ, ಪೂಜೆಗೆ. ಬಾಡಿಗೆ ಮನೆ ಬದಲಾಯಿಸುವಾಗ ಅದು ಎಲ್ಲೋ ಕಳೆದುಹೋಗಿತ್ತು. ಅಂದಿನಿಂದ ಅತ್ತೆಗೆ ದೇವರ ಮುಂದೆ ಕೂತರೂ ಮನಸ್ಸು ನಿಲ್ಲುತ್ತಿರಲಿಲ್ಲ. “ಅಮ್ಮ ಕೈಯೆತ್ತಿ ಕೊಟ್ಟಿದ್ದು, ನನ್ ಕೈಲಿ ಹೋಯ್ತು,” ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

ರಾಮನವಮಿಯ ದಿನ ನಾನು ಆಫೀಸಿನಿಂದ ಮನೆಗೆ ಬಂದಾಗ ಬಾಗಿಲಲ್ಲೇ ಪಾನಕದ ಏಲಕ್ಕಿ ಘಮಘಮಿಸುತ್ತಿತ್ತು. ಅತ್ತೆಯ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅವರ ಮಗಳನ್ನು ಮದುವೆಯಾದ ದಿನವೂ ಕಂಡಿರಲಿಲ್ಲ. “ಅಳಿಯಂದ್ರೆ, ನಂಗೆ ಹೇಳ್ದೇನೇ ತರ್ಸಿಟ್ಟಿದ್ದೀರಲ್ಲ! ಕತ್ರಿ ಹುಡುಕ್ತಿದ್ದೆ, ಡ್ರಾದಲ್ಲಿ ಸಿಕ್ತು. ಹಬ್ಬದ ದಿನವೇ ಸಿಗ್ಬೇಕಾ!” ಎಂದು ಕೈಹಿಡಿದು ದೇವರ ಮುಂದೆ ಕರೆದೊಯ್ದರು.

ಮಂಟಪದ ನಟ್ಟನಡುವೆ, ತುಳಸಿದಳದ ಮೇಲೆ, ನನ್ನ ಫ್ರಾಟೀಸ್ ಫಳಫಳ ಹೊಳೆಯುತ್ತಿದ್ದ. ಫಳಫಳ! ಹಳೆಯ ನಾಣ್ಯ ಕೂಡಿಡುವವರಿಗೆ ಮೊದಲ ಪಾಠವೇ ಅದನ್ನು ತೊಳೆಯಬಾರದು ಎಂಬುದು. ಶತಮಾನಗಳು ಕೂತು ಕೂತು ಕಟ್ಟಿದ ಆ ಕಪ್ಪು ಹೊಳಪೇ ಅದರ ಮೈಬಣ್ಣ, ಅದರ ಮರ್ಯಾದೆ. ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿ, ಮೇಲೆ ವಿಭೂತಿಯಲ್ಲಿ ಉಜ್ಜಿ, ಆ ಕಪ್ಪನ್ನಷ್ಟೂ ಸಿಂಕಿನಲ್ಲಿ ಹರಿಯಬಿಟ್ಟಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅದು ಭಕ್ತಿಯೆಂದು ಅತ್ತೆ ತಿಳಿದರು.

ಅವರು ನಾಣ್ಯವನ್ನು ಓದಿಕೊಂಡ ರೀತಿಯೂ ಸಾಮಾನ್ಯವಲ್ಲ. ಸಿಂಹಾಸನದ ಮೇಲೆ ಬಿಲ್ಲು ಹಿಡಿದವನು ರಾಮ, ಅದರಲ್ಲೇನು ಸಂಶಯ. ಪಕ್ಕದಲ್ಲಿ ಸೀತೆಯಿಲ್ಲವಲ್ಲ ಎಂದು ನಾನು ಮೆಲ್ಲಗೆ ಅನುಮಾನಿಸಿದರೆ, “ಕಾಡಿಗೆ ಕಳ್ಸಿದ್ಮೇಲೆ ಹೊಡ್ಸಿದ್ದಿರ್ಬೇಕು,” ಎಂದರು. ಹಿಂಬದಿಯ ಗಡ್ಡದವನು ದಶರಥ, ತಲೆಯ ಹಿಂದಿನ ಹಕ್ಕಿ ಜಟಾಯು. ಸುತ್ತಲಿನ ಅಕ್ಷರ ಬಹುಶಃ ತೆಲುಗು. ಹಣೆಯ ಗಂಟು ಕುಂಕುಮ ಇಡಲೆಂದೇ ಮಾಡಿದ ಜಾಗ; ಇಟ್ಟೂ ಬಿಟ್ಟಿದ್ದರು. ಅಪ್ಪನ ಮಾತಿಗೆ ರಾಜ್ಯವನ್ನೇ ಬಿಟ್ಟವನ ಆಸನದಲ್ಲಿ, ರಾಜ್ಯಕ್ಕಾಗಿ ಅಪ್ಪನ ಕತ್ತು ಹಿಸುಕಿದವನು ಕೂತು ಕೋಸಂಬರಿಯ ನೈವೇದ್ಯ ತೆಗೆದುಕೊಳ್ಳುತ್ತಿದ್ದ.

“ಈಗ ಹೇಳ್ಬೇಡಿ, ಪ್ಲೀಸ್,” ಎಂದಳು ಹೆಂಡತಿ ಸುಧಾ, ಅಡುಗೆಮನೆಗೆ ಎಳೆದುಕೊಂಡು ಹೋಗಿ. “ಅಮ್ಮ ಇಷ್ಟು ಖುಷಿಯಾಗಿರೋದು ನೋಡಿ ಎಷ್ಟು ದಿನ ಆಯ್ತು. ಹೊರಡೋವಾಗ ನೋಡ್ಕೊಳ್ಳೋಣ ರೀ.”

ಹೀಗೆ ಫ್ರಾಟೀಸನಿಗೆ ನಮ್ಮ ಮನೆಯಲ್ಲಿ ದಿನವೂ ಮಂಗಳಾರತಿ ಶುರುವಾಯಿತು. ಅತ್ತೆಯ ಮನಸ್ಸು ನಿಂತಿತು, ಮಂಡಿನೋವು ಕಡಿಮೆಯಾಯಿತು, ಸಾರಿಗೆ ರುಚಿ ಬಂತು. ಇತಿಹಾಸದಲ್ಲಿ ಯಾರಿಗೂ ಒಳ್ಳೆಯದು ಮಾಡಿದ ದಾಖಲೆಯಿಲ್ಲದ ರಾಜ ನಮ್ಮಲ್ಲಿ ಪರೋಪಕಾರಿಯಾಗಿಬಿಟ್ಟ. ನನಗೂ ಒಂದು ಬಗೆಯ ಚಟ ಹತ್ತಿತು. ಆಫೀಸಿಗೆ ಹೊರಡುವಾಗ ಅವನಿಗೊಂದು ನಮಸ್ಕಾರ ಹಾಕದೆ ಹೋದರೆ ರೈಲು ತಪ್ಪುವುದೇನೋ ಅನ್ನಿಸುತ್ತಿತ್ತು.

ಹೊರಡುವ ವಾರ ಬಂತು. ಅತ್ತೆ ಸೂಟ್‌ಕೇಸ್ ತೆರೆದು, ಮೊದಲು ಒಂದು ಹೊಸ ರೇಷ್ಮೆ ಚೀಲ ಹೊಲಿದರು. ರಾಮಟಂಕಕ್ಕೆ. “ಊರಿಗೆ ಹೋದ ತಕ್ಷಣ ಪೆಟ್ಟಿಗೇಲಿಟ್ಟು, ತಂಗೀನ ಕರ್ಸಿ ತೋರಿಸ್ತೀನಿ,” ಎಂದರು. ಹೇಳಿದರೆ ಅತ್ತೆಯ ರಾಮ ಎರಡನೆಯ ಸಲ ಕಳೆದುಹೋಗುತ್ತಾನೆ, ಹೇಳದಿದ್ದರೆ ನನ್ನ ರಾಜ ಚಿತ್ರದುರ್ಗಕ್ಕೆ ಹೋಗುತ್ತಾನೆ. ನಾಣ್ಯ ಹೋದರೆ ಹೋಗಲಿ ಎಂದು ಧಾರಾಳಿಯಾಗಲು ನೋಡಿದೆ. ಆಗ ಇನ್ನೊಂದು ಕಾಡಿತು: ಆ ಹೆಂಗಸು ಬದುಕಿರುವಷ್ಟು ದಿನವೂ ಒಬ್ಬ ಪಿತೃಘಾತಕನಿಗೆ ರಾಮನೆಂದು ಕೈಮುಗಿಯುವಂತೆ ಮಾಡುವುದು ಯಾವ ಅಳಿಯತನ?

ಮರುದಿನ ಕೆಲಸಕ್ಕೆ ಸಿಡ್ನಿಗೆ ಹೋದವನು ಹ್ಯಾರಿಸ್ ಪಾರ್ಕಿನ ಅಂಗಡಿಗಳನ್ನೆಲ್ಲ ಜಾಲಾಡಿದೆ, ಒಂದು ನಿಜವಾದ ರಾಮಟಂಕ ಸಿಕ್ಕರೆ ಗುಟ್ಟಾಗಿ ಅದಲುಬದಲು ಮಾಡೋಣವೆಂದು. ಲಕ್ಷ್ಮಿಯ ಬೆಳ್ಳಿ ಬಿಲ್ಲೆ ಇತ್ತು, ಗಣಪತಿ ಇದ್ದ, ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸುವ ಹನುಮಂತನಿದ್ದ; ರಾಮನಿಗೆ ಮಾತ್ರ ಅಲ್ಲಿ ಸ್ಟಾಕ್ ಇರಲಿಲ್ಲ. ವಿಲ್ಫ್ರೆಡ್ ಎಲ್ಲ ಕೇಳಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ಗಂಭೀರನಾದ. “ತೊಳೆದದ್ದು ಹೋಯ್ತು, ಬಿಡಿ. ಆದ್ರೆ ದೇವರ ವಿಷಯದಲ್ಲಿ ಅಮ್ಮಂದಿರಿಗೆ ಸುಳ್ಳು ಹೇಳ್ಬಾರ್ದು ಮಾರಾಯ್ರೆ. ಹೋಗಿ ಹೇಳಿ,” ಎಂದ.

ಹೇಳಿದೆ. ಅತ್ತೆ ಸೀರೆ ಮಡಿಸುತ್ತಿದ್ದರು, ಸುಧಾ ಫೋನು ನೋಡುವಂತೆ ನಟಿಸುತ್ತಿದ್ದಳು. ಅಪ್ಪನ ಜಲೋದರದಿಂದ ಹಿಡಿದು ರಾಣಿ ಮೂಸಾಳ ವಿಷದವರೆಗೆ ಒಂದನ್ನೂ ಬಿಡದೆ ಒಪ್ಪಿಸಿದೆ. ಅತ್ತೆಯ ಕೈ ನಿಂತಿತು. ಕಣ್ಣು ಕೆಂಪಾಯಿತು. ಈ ಬಾಯಿ ಬಿದ್ದುಹೋಗಬಾರದೇ ಅನ್ನಿಸಿತು ನನಗೆ.

“ಹೆತ್ತಪ್ಪನ್ನೇ?” ಎಂದರು ಕೊನೆಗೆ.

“ಹೂಂ ಅತ್ತೆ.”

“ಆಮೇಲೆ ಇವನ್ನ ಇವನ ಮಗನೇ?”

“ಹೂಂ.”

ಸೀರೆಯ ಅಂಚನ್ನು ನೇರ ಮಾಡಿದರು. “ಹಂಗಾದ್ರೆ ಇವನಿಗೆ ತಿಥಿ ಯಾರು ಮಾಡಿದ್ರು?”

ನನ್ನ ಬಳಿ ಪಾರ್ಥಿಯಾದ ಮೇಲೆ ಸಾಕಷ್ಟು ಪುಸ್ತಕಗಳಿವೆ. ನಾಣ್ಯದ ತೂಕ, ಬಿಲ್ಲಿನ ಬಾಗು, ಗಡ್ಡದ ಉದ್ದ ಎಲ್ಲದರ ಬಗ್ಗೆ ವಿದ್ವಾಂಸರು ಜಗಳವಾಡಿದ್ದಾರೆ. ಈ ಪ್ರಶ್ನೆಯನ್ನು ಒಬ್ಬರೂ ಕೇಳಿದ್ದು ಕಾಣೆ. ಅಲ್ಲಿನವರ ಪದ್ಧತಿಯೇ ಬೇರೆ ಎಂದು ತೊದಲಿದೆ.

ಅತ್ತೆ ಎದ್ದು ಹೋಗಿ ನಾಣ್ಯವನ್ನು ತಂದರು. ಸೆರಗಿನಲ್ಲಿ ಕುಂಕುಮ ಒರೆಸಿ ನನ್ನ ಅಂಗೈಯಲ್ಲಿಟ್ಟರು. “ದೇವ್ರ ಜಾಗದಲ್ಲಿ ಇವನು ಬೇಡ. ಹಿರಿಯರ ಹಬ್ಬಕ್ಕೆ ಒಂದು ಎಡೆ ಇಡಿ.”

“ನಮ್ಮ ಹಿರಿಯರಲ್ಲವಲ್ಲ ಅತ್ತೆ.”

“ಇರೋದು ನಿಮ್ಮನೇಲಿ ತಾನೆ?”

“ಮತ್ತೆ ನಿಮ್ಮ ರಾಮ?”

“ನಾನು ಕೈಮುಗ್ದಿದ್ದು ರಾಮಂಗೆ. ಅವನಿಗೇ ಸೇರಿರುತ್ತೆ ಬಿಡಿ,” ಎಂದರು. ಆದರೂ ರೇಷ್ಮೆ ಚೀಲವನ್ನು ಖಾಲಿಯಾಗಿಯೇ ಸೂಟ್‌ಕೇಸಿನ ಮೂಲೆಗೆ ತುರುಕುವಾಗ ಅವರಿಗೆ ನೋವಾದದ್ದು ನನಗೆ ಕಂಡಿತು. ನಾನು ನೋಡದವನಂತೆ ಕಿಟಕಿಯ ಕಡೆ ತಿರುಗಿದೆ.

ಮಹಾಲಯ ಅಮಾವಾಸ್ಯೆ ಬಂದಾಗ ಮೆಲ್ಬರ್ನಿನಲ್ಲಿ ವಸಂತ. ನಮ್ಮ ಬೀದಿಯ ಮರಗಳೆಲ್ಲ ಹೂಬಿಟ್ಟು ನಿಂತಿದ್ದವು. ಸತ್ತವರನ್ನು ಕರೆಯಲು ಹೇಳಿಮಾಡಿಸಿದ ಹವೆಯೇನಲ್ಲ. ಸುಧಾಳ ಕೆಲಸ ಡ್ಯಾಂಡಿನಾಂಗಿನಲ್ಲಿ. ಅಲ್ಲಿನ ಅಫ್ಘಾನಿ ಅಂಗಡಿಯಿಂದ ಖರ್ಜೂರ, ದಾಳಿಂಬೆ, ಮೊಳದುದ್ದದ ರೊಟ್ಟಿ ತಂದಳು. ಎಡೆಯೆಂದರೆ ಹೋದವರಿಗೆ ಇಷ್ಟವಾದದ್ದನ್ನೇ ಇಡಬೇಕಲ್ಲ. ನಮ್ಮ ಹಿರಿಯರಿಗೆ ಕಡುಬು, ವಡೆ, ಪಾಯಸ. ರಾಜನಿಗೂ ಅವೇ, ಮೇಲೆ ಅವನ ಸೀಮೆಯದ್ದಷ್ಟು. ಫ್ರೀಜರಿನಲ್ಲಿ ಮರಗಟ್ಟಿದ್ದ ಬಾಳೆಲೆಗೆ ಬಿಸಿನೀರು ಸೋಕಿಸಿ ಮೆತ್ತಗೆ ಮಾಡಿ, ರಾಜನ ಎಲೆಯ ಮುಂದೆ ನಾಣ್ಯವನ್ನಿಟ್ಟು, ಅತ್ತೆಗೆ ವಿಡಿಯೋ ಕಾಲ್ ಮಾಡಿದೆವು.

ಅತ್ತೆ ಒಂದೊಂದೇ ಎಲೆಯ ಮೇಲೆ ನಮ್ಮ ಕೈಯಿಂದ ಫೋನು ಹಾಯಿಸಿ ತಪಾಸಣೆ ನಡೆಸಿದರು. ಪಾಯಸ ಕಮ್ಮಿ ಎಂದರು, ಬಡಿಸಿದೆವು. ಉಪ್ಪು ಎಲೆಯ ಯಾವ ತುದಿಗೆಂದು ತಿದ್ದಿದರು, ಬದಲಿಸಿದೆವು.

“ಅವರಪ್ಪಂದು ಎಲ್ಲಿ?” ಎಂದರು.

“ಯಾರಪ್ಪಂದು ಅತ್ತೆ?”

“ಆ ರಾಜಂದು. ಮಗ ಉಣ್ಣೋವಾಗ ಅಪ್ಪ ಬಾಗ್ಲಲ್ಲಿ ನಿಂತಿರ್ಬೇಕಾ?”

ಅಪ್ಪನ ನಾಣ್ಯ ನನ್ನ ಬಳಿಯಿಲ್ಲ ಎಂದೆ. “ನಾಣ್ಯ ಯಾಕೆ? ಎಲೆ ಹಾಕಿ, ಬರ್ತಾನೆ,” ಎಂದರು.

ಇನ್ನೊಂದು ಎಲೆ ಹಾಕಿದೆವು. ಮಗನ ಎಲೆಯ ಪಕ್ಕದಲ್ಲೇ, ಮೊಣಕೈ ತಗಲುವಷ್ಟು ಹತ್ತಿರ; ನಮ್ಮ ಊಟದ ಕೋಣೆಯಲ್ಲಿ ಅದಕ್ಕಿಂತ ಜಾಗವಿಲ್ಲ. ಸುಧಾ ಇಬ್ಬರಿಗೂ ಸಮನಾಗಿ ಪಾಯಸ ಬಡಿಸಿದಳು. ಆಮೇಲೆ ಪದ್ಧತಿಯಂತೆ, ಹಿರಿಯರು ಬಂದು ಉಂಡು ಹೋಗಲೆಂದು ಬಾಗಿಲು ಹಾಕಿಕೊಂಡು ಇಬ್ಬರೂ ಹೊರಗೆ ನಿಂತೆವು. ನಾನು ಕಿವಿಗೊಟ್ಟು ಕೇಳಿದೆ. ಒಳಗೆ ಜಗಳದ ಸದ್ದೇನೂ ಇರಲಿಲ್ಲ.