ಅಕ್ಕನ ಕೈಗುಣ, ನನ್ನ ಎಂಟು ಕೋರು

ನಮ್ಮ ಮನೆಗೆ ಹೊಸ ಯಂತ್ರ ಏನೇ ಬರಲಿ, ಅಮಾವಾಸ್ಯೆಯ ಪೂಜೆ ಆಗುವವರೆಗೆ ಅದರ ಗುಂಡಿ ಒತ್ತುವಂತಿಲ್ಲ. ಪೂಜೆಯಾದ ಮೇಲೂ ಒತ್ತುವವಳು ಅಕ್ಕನೇ. ಹೊಲದ ಮೋಟಾರು, ಅವ್ವನ ಮಿಕ್ಸರ್, ಅಪ್ಪನ ಬೈಕು, ಎಲ್ಲವೂ ಅವಳ ಕೈಯಿಂದಲೇ ಚಾಲೂ ಆದಂಥವು. ಅವಳ ಕೈಗುಣ ಒಳ್ಳೆಯದಂತೆ. ಮದುವೆಯಾಗಿ ಶಿಗ್ಗಾವಿಗೆ ಹೋದ ಮೇಲೂ ಇದಕ್ಕೆಂದೇ ಬಸ್ಸು ಹತ್ತಿ ತಿಳವಳ್ಳಿಗೆ ಬರುತ್ತಾಳೆ. ಮನೆಯಲ್ಲೇ ಇರುವ ನನ್ನ ಕೈಗೇನು ಧಾಡಿ ಎಂದು ಯಾರೂ ಕೇಳಲಿಲ್ಲ.

ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇನಿದೆ? ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಒಂದೇ ಗೇಮಿಗಾಗಿ ಜಡೆ ಹಿಡಿದು ಜಗಳಾಡಿದವರು ನಾವು. ಈಗ ಅವಳು ಬಿಡಿಭಾಗಗಳನ್ನು ತರಿಸಿ, ತಾನೇ ಜೋಡಿಸಿ, ಗೇಮಿಂಗ್ ಕಂಪ್ಯೂಟರ್ ಮಾಡಿಕೊಂಡಿದ್ದಳು. ಅದರ ಫೋಟೊ ಅವ್ವನ ಫೋನಿಗೆ ಬಂತು. ಹಾಲು ಹಾಕಲು ಬಂದವಳಿಗೂ ಅವ್ವ ಅದನ್ನು ತೋರಿಸಿದಳು. ಎಲ್ಲರೂ ಅದರ ಬಣ್ಣದ ದೀಪ ನೋಡಿದರು. ನಾನು ಅವ್ವನ ಮುಖ ನೋಡಿದೆ.

ನಾನೂ ಒಂದು ಜೋಡಿಸಬೇಕು, ಅದರ ಪ್ರೊಸೆಸರ್ ಅವಳದಕ್ಕಿಂತ ದೊಡ್ಡದೇ ಇರಬೇಕು ಎಂದು ಅವತ್ತೇ ಠರಾಯಿಸಿದೆ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಕೋರು ಎಂದರೆ ಅದರೊಳಗೆ ಒಟ್ಟಿಗೆ ದುಡಿಯುವ ಆಳುಗಳು ಎಂದುಕೊಳ್ಳಿ. ಅಕ್ಕನದು ಆರು ಕೋರಿನದು. ಗೇಮಿಗೆ ಅಷ್ಟು ಸಾಕೆಂದು ನಾನು ನೋಡಿದ ವಿಡಿಯೊಗಳೆಲ್ಲ ಹೇಳಿದವು. ಫೋನು ಮಾಡಿದರೆ ಅಕ್ಕನೂ ಅದನ್ನೇ ಅಂದಳು.

"ಎಂಟು ಕೋರಿಂದು ನಿನಗ್ಯಾಕ? ಆರು ಸಾಕಾಗ್ತೈತಿ. ಒಳಗ ಗ್ರಾಫಿಕ್ಸ್ ಇರೂದು ನೋಡಿ ತೊಗೊ. ಕಾರ್ಡ್ ಮುಂದ ಹಾಕ್ಕೊಳ್ಳಾಕ ಬರ್ತೈತಿ."

ನನ್ನ ಕಿವಿಗೆ ಬಿದ್ದದ್ದು "ನಿನಗ್ಯಾಕ" ಎಂಬುದೊಂದೇ. ತನಗಿಂತ ಮೇಲಿನದು ತಂಗಿಯ ಕೈಗೆ ಬರಬಾರದು ಇವಳಿಗೆ! ಉಳಿದ ಮಾತು ಗಾಳಿಗೆ ಹೋಯಿತು. ಮರುದಿನವೇ ಹಾನಗಲ್ಲಿನ ಅಂಗಡಿಗೆ ಹೋಗಿ ಎಂಟು ಕೋರಿನದಕ್ಕೆ ಹೇಳಿ ಬಂದೆ. ನನ್ನ ಕೈಗೆಟುಕುವಂಥದ್ದು ಒಂದೇ ಇತ್ತು. ಅದೊಂದೇ ಯಾಕೆ ಅಗ್ಗ ಎಂದು ಕೇಳುವ ತಾಳ್ಮೆ ಯಾರಿಗಿತ್ತು?

ಎಲ್ಲ ಬಂದ ಮೇಲೆ ಕೂತು ಜೋಡಿಸಿದೆ. ಪ್ರೊಸೆಸರನ್ನು ಅದರ ಜಾಗದಲ್ಲಿ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದೆ. ಬೇರೆ ಯಾರೇ ಆಗಿದ್ದರೂ ಒಮ್ಮೆ ಚಾಲೂ ಮಾಡಿ ನೋಡುತ್ತಿದ್ದರು. ಅವ್ವ ಪ್ಲಗ್ಗು ಮುಟ್ಟಲೂ ಬಿಡಲಿಲ್ಲ.

"ಅಮಾಸಿ ಆಗ್ಲಿ. ನಿಮ್ಮಕ್ಕನ ಕೈಲೆ ಚಾಲೂ ಮಾಡಿಸೂಣು."

ನನ್ನ ಕಂಪ್ಯೂಟರಿಗೂ ಅವಳ ಕೈಯೇ! ವಯರು ಸುತ್ತಿ ಬದಿಗಿಟ್ಟೆ. ಬರಲಿ, ಎಂಟು ಕೋರು ಅಂದರೆ ಏನೆಂದು ಎಲ್ಲರೆದುರಿಗೆ ನೋಡಲಿ ಎಂಬ ಆಸೆಯೂ ಒಳಗೆ ಇತ್ತು.

ಅಮಾವಾಸ್ಯೆ ಬಂತು. ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಅಪ್ಪ ಕಾಯಿ ಒಡೆದ. ಅಕ್ಕಪಕ್ಕದವರೂ ಬಂದು ನಿಂತಿದ್ದರು. ಅಕ್ಕ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಇತ್ತು. ಆರಿಸಿ ಮತ್ತೆ ಒತ್ತಿದಳು. ಆಗಲೂ ಕಪ್ಪು.

ಅಕ್ಕ ಮೂಲೆಯಲ್ಲಿದ್ದ ಪ್ರೊಸೆಸರಿನ ಖಾಲಿ ಡಬ್ಬಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳು ಫೋನಿನಲ್ಲಿ ಹೇಳಿದ್ದು ನನಗೆ ಆಗ ನೆನಪಾಯಿತು. ಚಿತ್ರ ಮೂಡಿಸುವ ಭಾಗವೇ ನನ್ನ ಪ್ರೊಸೆಸರಿನಲ್ಲಿ ಇರಲಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ವರ್ಷಗಟ್ಟಲೆ ಪೂಜೆ ಮಾಡಿದರೂ ಪರದೆ ಬೆಳಗುತ್ತಿರಲಿಲ್ಲ. ಈಗ ಬಾಯಿ ಬಿಡುತ್ತಾಳೆ, ನೆರೆದವರೆದುರು ನನ್ನ ಮಾನ ಹರಾಜು ಹಾಕುತ್ತಾಳೆ ಎಂದು ಕಾದೆ. ನಾನಾಗಿದ್ದರೆ ಹಾಕಿಯೇ ಬಿಡುತ್ತಿದ್ದೆ.

"ನನ್ನ ಕೈಗುಣ ಹೋತು ಬೇ ಯವ್ವಾ," ಎಂದು ಅಕ್ಕ ನಕ್ಕಳು. "ಮುಂದಿನ ಅಮಾಸಿಗೆ ಆಕೀನ ಒತ್ತಲಿ."

ನೆರೆಯವರು ಲೊಚಗುಟ್ಟುತ್ತ ಹೋದರು. ಅವಳನ್ನು ಬಸ್ಸಿಗೆ ಬಿಡಲು ಹೋದಾಗ ಮೆಲ್ಲಗೆ ಹೇಳಿದಳು: "ನಾ ಹೊಸಾ ಕಾರ್ಡ್ ಹಾಕ್ಕೊಂಡೇನಿ. ಹಳೇದು ಸುಮ್ನ ಬಿದ್ದೈತಿ, ಕಳಸ್ತೇನಿ. ಯಾರ ಮುಂದೂ ಹೇಳಬ್ಯಾಡ."

ಹೊಸ ಕಾರ್ಡ್ ಬೇರೆ ಹಾಕಿಕೊಂಡಿದ್ದಾಳೆ! ಆ ಹೊತ್ತಿನಲ್ಲೂ ನನಗೆ ಹೊಳೆದದ್ದು ಅದೇ.

ಅವಳು ಕಳಿಸಿದ ಕಾರ್ಡನ್ನು ಗುಟ್ಟಾಗಿ ಕೂರಿಸಿ, ಮುಂದಿನ ಅಮಾವಾಸ್ಯೆಗೆ ನಾನೇ ಒತ್ತಿದೆ. ಪರದೆ ಬೆಳಗಿತು. ಅವ್ವ ನನ್ನ ಕೆನ್ನೆ ಸವರಿ ನಟಿಕೆ ಮುರಿದಳು.

"ನಿಮ್ಮಕ್ಕನ ಕೈಲೆ ಆಗಲಾರದ್ದು ನಿನ್ನ ಕೈಲೆ ಆತು ನೋಡು. ಇನ್ನ ಮ್ಯಾಲೆ ಎಲ್ಲಾ ನೀನ ಒತ್ತು."

ಹುಟ್ಟಿದಾಗಿನಿಂದ ನಾನು ಕಾದಿದ್ದ ಮಾತು ಅದು. ಅವ್ವನ ಹಿಂದೆ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಒಂದಿಷ್ಟಾದರೂ ಕಿಚ್ಚು ಕಾಣಲಿ ಎಂದು ಹುಡುಕಿದೆ. ಇರಲಿಲ್ಲ.

ಈಗ ಮನೆಗೆ ಏನು ಬಂದರೂ ಗುಂಡಿ ಒತ್ತುವವಳು ನಾನೇ. ಮೊನ್ನೆ ಹೊಲದ ಹೊಸ ಮೋಟಾರಿಗೂ ನನ್ನನ್ನೇ ಕರೆದರು. ನೀರು ಚಿಮ್ಮಿತು, ಅವ್ವ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆ ಕೈಗುಣವನ್ನೂ ಅಕ್ಕ ನನಗೆ ಹಳೇ ಕಾರ್ಡಿನ ಜೊತೆಗೇ ಕೊಟ್ಟುಬಿಟ್ಟಿದ್ದಳು. ಅಷ್ಟು ಸಲೀಸಾಗಿ ಕೊಡಲು ಬರುವ ಅವಳ ಕೈ ಕಂಡರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.