ಮರಗಮ್ಮನಿಗೆ ಕೊಟ್ಟ ಬೆಳ್ಳಿ ಕಾಲು

ಮರಿಲಿಂಗಮ್ಮ ಮರಗಮ್ಮ ದೇವಿಗೆ ಬೆಳ್ಳಿಯ ಕಾಲು ಒಪ್ಪಿಸಿದ ದಿನ ಊರಿಗೆ ಊರೇ ಅವಳ ಮಗಳ ಕಾಲು ನೆಟ್ಟಗಾಯಿತೆಂದು ನಂಬಿತು. ಮಗಳು ಸುಂದ್ರಮ್ಮ ಅಲ್ಲೇ ಗುಡಿಯ ಮುಂದೆ ನಿಂತಿದ್ದಳು. ಮನೆಯಿಂದ ಅಲ್ಲಿಗೆ ಎಂದಿನಂತೆ ಎಡ ಮೊಣಕಾಲಿಗೆ ಕೈ ಊರಿ, ಸೊಂಟ ತಿರುವಿ, ಕುಂಟುತ್ತಲೇ ಬಂದಿದ್ದಳು. ಆದರೆ ಬೆಳ್ಳಿಯ ಕಾಲು ಕಣ್ಣೆದುರು ಹೊಳೆಯುತ್ತಿರುವಾಗ ಚರ್ಮದ ಕಾಲನ್ನು ಯಾರು ನೋಡುತ್ತಾರೆ?

ಊರಿನವರನ್ನು ಬೈದು ಉಪಯೋಗವಿಲ್ಲ. ಆ ಸೀಮೆಯ ಪದ್ಧತಿಯೇ ಹಾಗೆ. ಕಣ್ಣುಬೇನೆ ವಾಸಿಯಾದರೆ ಬೆಳ್ಳಿಯ ಕಣ್ಣು, ಮಕ್ಕಳಾದರೆ ಬೆಳ್ಳಿಯ ತೊಟ್ಟಿಲು, ಕಾಲು ಬಂದರೆ ಬೆಳ್ಳಿಯ ಕಾಲು. ಮೊದಲು ಕೆಲಸ, ಆಮೇಲೆ ಬೆಳ್ಳಿ. ದೇವರಿಗೆ ಮುಂಗಡ ಕೊಡುವ ರೂಢಿ ಅಲ್ಲಿಲ್ಲ. ಹಾಗಾಗಿ ಬೆಳ್ಳಿಯ ಕಾಲು ಗುಡಿಗೆ ಬಂತೆಂದರೆ ಯಾರದೋ ಸೊಟ್ಟ ಕಾಲು ನೆಟ್ಟಗಾಗಿದೆ ಎಂದೇ ಅರ್ಥ. ಮರಿಲಿಂಗಮ್ಮನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಳು, ಯಾಕೆಂದರೆ ಅವಳ ವಿಚಾರವೇ ಬೇರೆ ಇತ್ತು.

ಅದು ತಿಳಿಯಬೇಕಾದರೆ ದೇವಿಯ ಪೂರ್ವೋತ್ತರ ತಿಳಿಯಬೇಕು. ಮರಗಮ್ಮ ಮೊದಲು ಹೊಲದ ಬದುವಿನ ಮೇಲೆ, ಬೇವಿನ ಮರದ ಕೆಳಗೆ, ಒಂದು ಕಲ್ಲಾಗಿ ಕೂತಿದ್ದಳು. ನಾರಾಯಣಪುರದ ಕಡೆಯಿಂದ ಕಾಲುವೆ ಅಗೆಯುತ್ತ ಬಂದವರಿಗೆ ಸರಿಯಾಗಿ ಆ ಮರವೇ ಅಡ್ಡವಾಯಿತು. ಹೊಲ ಹೋದ ರೈತರು ಪರಿಹಾರಕ್ಕಾಗಿ ಇವತ್ತು ಬಾ, ನಾಳೆ ಬಾ ಅನ್ನಿಸಿಕೊಂಡು ಚಪ್ಪಲಿ ಸವೆಸಿದರು. ದೇವಿಯ ಮುಂದೆ ಮಾತ್ರ ಅಗೆಯುವ ಯಂತ್ರ ಕೆಟ್ಟು ನಿಂತದ್ದೇ ತಡ, ಗುತ್ತಿಗೆದಾರ ಓಡಿಬಂದು ದಂಡೆಯ ಮೇಲೆ ಸಿಮೆಂಟಿನ ಗುಡಿ, ಮೇಲೆ ತಗಡು, ಮುಂದೊಂದು ಕಟ್ಟೆ ಕಟ್ಟಿಸಿಕೊಟ್ಟ. ಕಾಲುವೆಯ ರೊಕ್ಕದಲ್ಲಿ ಬೇಗ ಬೇಗ ಪರಿಹಾರ ಪಡೆದವಳು ಊರಿಗೆಲ್ಲ ಮರಗಮ್ಮ ಒಬ್ಬಳೇ.

ಸುಂದ್ರಮ್ಮ ಅಂಬೆಗಾಲಿಡುವ ಕಾಲಕ್ಕೆ ಜ್ವರ ಬಂದು ಎಡಗಾಲು ಸಣಕಲಾಗಿ ಹೋಯಿತು. ಪೋಲಿಯೋ ಎಂದರು. ಮರಿಲಿಂಗಮ್ಮ ವರ್ಷಗಟ್ಟಲೆ ಕೂಸನ್ನು ಮರಗಮ್ಮನ ಮುಂದೆ ಮಲಗಿಸಿ, ಕಾಲು ಕೊಡು ತಾಯಿ ಎಂದು ಬೇಡಿದಳು. ಶುಕ್ರವಾರ ಒಪ್ಪತ್ತು ಮಾಡಿದಳು. ಎಣ್ಣೆ ತಿಕ್ಕಿದಳು. ಕಾಲು ಇದ್ದ ಹಾಗೆಯೇ ಇತ್ತು. ಒಂದು ಸಂಜೆ ಭತ್ತದ ನಾಟಿ ಮುಗಿಸಿ ಬರುವಾಗ, ಕೆಸರುಗಾಲಲ್ಲೇ ದಂಡೆಯ ಮೇಲೆ ನಿಂತು ಆ ಸಿಮೆಂಟಿನ ಗುಡಿಯನ್ನು ನೋಡುತ್ತಿದ್ದಾಗ ಅವಳಿಗೆ ಬುದ್ಧಿ ಹೊಳೆಯಿತು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬರುತ್ತದೆ. ಕಾಲು ಕೊಡುವುದು ಈ ದೇವಿಗೆ ಬರಲಿಕ್ಕಿಲ್ಲ. ಸಾಹೇಬರ ಕೈಯಿಂದ ರೊಕ್ಕ ಬಿಡಿಸುವುದಂತೂ ಚೆನ್ನಾಗಿ ಬರುತ್ತದೆ. ಅಂದಿನಿಂದ ಅವಳು ಕಾಲು ಬೇಡುವುದನ್ನು ಬಿಟ್ಟು, ಅಂಗವಿಕಲ ಮಕ್ಕಳಿಗೆ ಸರ್ಕಾರ ಕೊಡುವ ಮಾಸಾಶನವನ್ನು ಬೇಡತೊಡಗಿದಳು. ಊರ ಬಾಯಲ್ಲಿ ಅದಕ್ಕೆ ಪಗಾರ ಎಂದು ಹೆಸರು.

ದವಾಖಾನೆ, ಕಚೇರಿ, ಫೋಟೋ ಅಂಗಡಿ ಎಂದು ಮಗಳನ್ನು ಕರೆದುಕೊಂಡು ಅಲೆದವಳು ಅವಳೇ. ಆದರೂ ಪಗಾರ ಮಂಜೂರಾದಾಗ ಅವಳು ಕೈ ಮುಗಿದದ್ದು ದೇವಿಗೆ. ಹರಕೆ ತೀರಿಸಲೆಂದು ಸುರಪುರದ ಅಕ್ಕಸಾಲಿ ಪತ್ತಾರನ ಅಂಗಡಿಗೆ ಹೋದಳು. ಅವನ ಹತ್ತಿರ ಕಣ್ಣಿನ ಅಚ್ಚಿತ್ತು, ಕೈಯ ಅಚ್ಚಿತ್ತು, ತೊಟ್ಟಿಲಿನ ಅಚ್ಚಿತ್ತು; ಪಗಾರದ ಅಚ್ಚು ಇರಲಿಲ್ಲ. ಕಾಲಿನ ದೆಸೆಯಿಂದಲೇ ಅಲ್ಲವೇ ಪಗಾರ ಬಂದದ್ದು ಎಂದುಕೊಂಡು ಕಾಲನ್ನೇ ಮಾಡಿಸಿದಳು. ಈ ಜಗತ್ತಿನಲ್ಲಿ ಇದಕ್ಕಿಂತ ನೆಟ್ಟಗಿನ ವಿಚಾರ ಇನ್ನೊಂದು ಇರಲಾರದು, ಆದರೆ ಅದನ್ನು ಯಾರಿಗೂ ಬಿಡಿಸಿ ಹೇಳುವ ಗೋಜಿಗೆ ಅವಳು ಹೋಗಲಿಲ್ಲ.

ಪಗಾರ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟಿನ ಬಾಷುಮಿಯಾ ಸೈಕಲ್ಲನ್ನು ಗೋಡೆಗೆ ಆನಿಸಿ, "ಪಗಾರದಾಕಿ ಎಲ್ಲಿದ್ದಾಳ್ರೀ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೂ ನೋಟನ್ನು ಮಾತ್ರ ಸುಂದ್ರಮ್ಮನ ಅಂಗೈಯಲ್ಲೇ ಇಡುತ್ತಿದ್ದ. ತಂದೆ ಅಂಬ್ರಪ್ಪ ದಿನಗೂಲಿಯವನು. "ಮನಿಯಾಗ ಪಗಾರ ತಗೊಳ್ಳಾಕಿ ನೀ ಒಬ್ಬಾಕಿನೇ ನೋಡವ್ವ, ಒಂದು ಕಟ್ಟು ಬೀಡಿ ಕೊಡಸು" ಎಂದು ಮಗಳ ಮುಂದೆ ಕೈಯೊಡ್ಡುತ್ತಿದ್ದ. ಕುಂಟಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಮೂಗು ಮುರಿದಿದ್ದ ಸೋದರತ್ತೆ ಕೂಡ ಒಂದು ದಿನ ಬಂದು, ಲಗ್ನವಾದ ಮೇಲೂ ಪಗಾರ ಬರುತ್ತದೆಯೇ ಎಂದು ವಿಚಾರಿಸಿಕೊಂಡು ಹೋದಳು.

ಮರಿಲಿಂಗಮ್ಮ ಬೀಡಿಗೂ ಬಿಡಲಿಲ್ಲ, ಸೋದರತ್ತೆಗೂ ಆಸೆ ಹಚ್ಚಲಿಲ್ಲ. ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಹೈಸ್ಕೂಲಿಗೆ ವನದುರ್ಗಕ್ಕೆ ಹೋಗಬೇಕು. ಬೇರೆ ಮಕ್ಕಳು ಕಾಲುವೆ ದಂಡೆ ಹಿಡಿದು ನಡೆದೇ ಹೋಗುತ್ತಿದ್ದರು. ಸುಂದ್ರಮ್ಮನಿಗೆ ಟಂಟಂ ಆಟೋ ಬೇಕು. ಪಗಾರ ಕೈಗೆ ಬಂದ ದಿನವೇ ಮರಿಲಿಂಗಮ್ಮ ಟಂಟಂನವನಿಗೆ ತಿಂಗಳ ಬಾಡಿಗೆ ಕೊಟ್ಟುಬಿಡುತ್ತಿದ್ದಳು, ಮನೆಯಲ್ಲಿ ಎಣ್ಣೆ ಇರಲಿ ಬಿಡಲಿ. ಪಗಾರ ನಿಂತರೆ ಟಂಟಂ ನಿಲ್ಲುತ್ತದೆ, ಟಂಟಂ ನಿಂತರೆ ಮಗಳು ಮನೆಯ ಮೂಲೆಯಲ್ಲಿ ಕೂರುತ್ತಾಳೆ. ಆ ಮೂಲೆ ಎಂದರೆ ಅವಳಿಗೆ ಹಾವಿಗಿಂತ ಹೆಚ್ಚಿನ ಹೆದರಿಕೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಮರಗಮ್ಮನ ಪೂಜಾರಿ ಖಂಡಪ್ಪ ಆ ಜಾತಿಯವನಲ್ಲ, ಧಾರಾಳಿ. ದೇವಿ ಕೊಡದ ವರವನ್ನೂ ಅವನೇ ಕೊಟ್ಟುಬಿಟ್ಟ. ಬೆಳ್ಳಿಯ ಕಾಲನ್ನು ದೇವಿಯ ಕೊರಳಿಗೆ ಕಟ್ಟಿ, ಶಹಾಪುರದಲ್ಲಿ ಗುಲಾಬಿ ಬಣ್ಣದ ಕರಪತ್ರ ಅಚ್ಚು ಹಾಕಿಸಿದ. ಕುಂಟ ಬಾಲಕಿಗೆ ಕಾಲು ಕೊಟ್ಟ ಕಾಲುವೆ ಮರಗಮ್ಮ ಎಂದು ದಪ್ಪ ಅಕ್ಷರದಲ್ಲಿ, ಕೆಳಗೆ ಸುಂದ್ರಮ್ಮನ ಹೆಸರು, ತಂದೆಯ ಹೆಸರು, ಊರು. ಬಸ್ಸುಗಳಿಗೆ ಅಂಟಿಸಿದ, ಸಂತೆಯಲ್ಲಿ ಹಂಚಿದ. ಶುಕ್ರವಾರ ಶುಕ್ರವಾರ ಜನ ಬರತೊಡಗಿದರು. ತೆಂಗಿನಕಾಯಿಯ ಅಂಗಡಿ ಬಂತು, ಮಿರ್ಚಿ ಭಜಿಯ ಬಂಡಿ ಬಂತು. ಬಂದವರಿಗೆಲ್ಲ ಖಂಡಪ್ಪ ಬೆಳ್ಳಿಯ ಕಾಲು ತೋರಿಸುತ್ತಿದ್ದ. ಸುಂದ್ರಮ್ಮನನ್ನು ಮಾತ್ರ ತೋರಿಸುತ್ತಿರಲಿಲ್ಲ.

ಒಂದು ಕರಪತ್ರ ಹೇಗೋ ಹಾರಿ ಪಗಾರದ ಕಚೇರಿಗೂ ಹೋಗಿ ಬಿತ್ತು. ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟನ್ನು ನಂಬಲು ಆ ಕಚೇರಿಗೆ ಎರಡು ವರ್ಷ ಹಿಡಿದಿತ್ತು. ಕರಪತ್ರವನ್ನು ಮಾತ್ರ ಕಂಡ ಕೂಡಲೇ ನಂಬಿತು.

ಮುಂದಿನ ತಿಂಗಳು ಬಾಷುಮಿಯಾ ಬಂದಾಗ ಕೂಗಲಿಲ್ಲ. ಸೈಕಲ್ಲಿನಿಂದ ಇಳಿದು ಒಳಗೆ ಬಂದು ಕೂತು, "ಬೇಟಿ, ಈ ಸಲ ಬಂದಿಲ್ಲ. ಕಾಲು ಬಂದವ್ರಿಗೆ ಪಗಾರ ಬರಂಗಿಲ್ಲಂತ" ಎಂದ.

"ಯಾರಿಗೆ ಬಂದಾವ ಕಾಕಾ ಕಾಲು?" ಎಂದಳು ಮರಿಲಿಂಗಮ್ಮ. ಬಾಷುಮಿಯಾ ಚೀಲದಿಂದ ಕರಪತ್ರವನ್ನು ತೆಗೆದು ಓದಿದ.

ಅವಳು ಸೀದಾ ಗುಡಿಗೆ ಹೋದಳು. "ಖಂಡಪ್ಪಣ್ಣ, ನನ್ನ ಮಗಳ ಕಾಲು ನೆಟ್ಟಗಾಗಿಲ್ಲ ಅಂತ ನೀನೇ ಸಾಹೇಬ್ರಿಗೆ ಹೇಳಬೇಕು."

"ಹುಚ್ಚಿ ಇದ್ದೀ ಏನು? ಯಾದಗಿರಿಯಿಂದ ಜೀಪು ಮಾಡ್ಕೊಂಡು ಮಂದಿ ಬರಾಕತ್ಯಾರ. ಈಗ ದೇವಿ ಸುಳ್ಳು ಅನ್ನಲೇನು?"

"ದೇವಿ ಯಾಕ ಸುಳ್ಳಾಗ್ತಾಳ? ನಾ ಬೇಡಿದ್ದು ಕೊಟ್ಟಾಳ. ನಾ ಬೇಡಿದ್ದು ಕಾಲಲ್ಲ."

"ಕಾಲು ಬೇಡದಾಕಿ ಕಾಲು ಯಾಕ ಕೊಟ್ಟಿ ಮತ್ತ?"

ಪತ್ತಾರನ ಅಚ್ಚಿನ ಕತೆ ಹೇಳಿದರೆ ಇವನು ನಗುತ್ತಾನೆ ಎಂದು ಅವಳು ಸುಮ್ಮನಾದಳು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು, ನಿನ್ನ ಒಂದು ಪಗಾರಕ್ಕಾಗಿ ಊರ ದೇವಿಯ ಮಾನ ಕಳೆಯಬೇಡ ಎಂದರು. ಅವರ ಪೈಕಿ ಇಬ್ಬರು ಮುದುಕರ ಪಗಾರ ತಿನ್ನುವವರೇ. ಅತ್ತ ದರಿ, ಇತ್ತ ಪುಲಿ. ದೇವಿ ಗೆದ್ದರೆ ಸರ್ಕಾರ ಕೈ ಬಿಡುತ್ತದೆ. ಪಗಾರ ಗೆದ್ದರೆ ಊರು ಕೈ ಬಿಡುತ್ತದೆ.

ಮರಿಲಿಂಗಮ್ಮ ಕಚೇರಿಗೆ ಹೋಗಿ ಅತ್ತು, ಕರೆದು, ಬಾಗಿಲಲ್ಲಿ ಕೂತು, ಕೊನೆಗೆ ಸ್ಥಳಕ್ಕೆ ಬಂದು ವಿಚಾರಣೆ ಮಾಡುತ್ತೇವೆ ಎಂಬ ಮಾತು ತಂದಳು. ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ಬರುತ್ತಾರೆ, ಮಗಳ ಕಾಲು ಕಣ್ಣಾರೆ ನೋಡಿ ಬರೆಯುತ್ತಾರೆ. ಸುದ್ದಿ ಹಬ್ಬಿತು. ಓಣಿಯ ಹೆಂಗಸರು ಸುಂದ್ರಮ್ಮನನ್ನು ಕರೆದು, "ದೇವಿ ಸಲುವಾಗಿ ಅವತ್ತೊಂದಿನ ಜರಾ ಚಂದ ನಡಿಯವ್ವ" ಎಂದರು. ಟಂಟಂನವನು ಅವಳನ್ನು ಪಕ್ಕಕ್ಕೆ ಕರೆದು, "ಅವತ್ತು ಜರಾ ಹೆಚ್ಚಿಗಿ ಕುಂಟು" ಎಂದ.

ಇಬ್ಬರಿಗೂ ಸುಂದ್ರಮ್ಮನ ಉತ್ತರ ಒಂದೇ. "ನಂಗ ಒಂದೇ ನಮೂನಿ ನಡಿಯಾಕ ಬರ್ತದ."

ಗಿರ್ದಾವರ ವೆಂಕಟಪ್ಪ ಬೈಕಿನ ಮೇಲೆ ಬಂದರು. ಗುಡಿಯ ಕಟ್ಟೆಯ ಮೇಲೆ ಚಾಪೆ ಹಾಸಿತ್ತು. ಊರೆಲ್ಲ ನೆರೆದಿತ್ತು, ಕೂಲಿಗೆ ಹೋಗುವವರೂ ಅವತ್ತು ಹೋಗಿರಲಿಲ್ಲ. ಸಾಹೇಬರು ಕರಪತ್ರವನ್ನು ತೊಡೆಯ ಮೇಲೆ ಹರಡಿಕೊಂಡು, "ಹುಡುಗಿ, ಆ ಗಿಡದ ತನಕ ಹೋಗಿ ಬಾ" ಎಂದರು.

ಸುಂದ್ರಮ್ಮ ಲಂಗ ಎತ್ತಿ ಹಿಡಿದು, ಮೊಣಕಾಲಿಗೆ ಕೈ ಊರಿ, ಹೋಗಿ ಬಂದಳು. "ಮೊದಲು ಎದ್ದು ನಿಂದ್ರತಿರಲಿಲ್ರಿ ಇಕಿ, ದೇವಿ ನಡಸ್ಯಾಳ" ಎಂದ ಖಂಡಪ್ಪ. ಸಾಹೇಬರಿಗೆ ಅನುಮಾನ ಬಂತು. ಇನ್ನೊಮ್ಮೆ ನಡೆ ಎಂದರು. ನಡೆದಳು. ಕೈ ಊರದೆ ನಡೆ ಎಂದರು. ಆಗ ಅವಳು ಅರ್ಧ ದಾರಿಯಲ್ಲಿ ಬಿದ್ದಳು. ಯಾರೋ ಕಿಸಕ್ಕೆಂದು ನಕ್ಕರು. ಎದ್ದು, ಲಂಗದ ಮಣ್ಣು ಕೊಡವಿ, ಗಿಡ ಮುಟ್ಟಿ ಬಂದಳು. ಮರಿಲಿಂಗಮ್ಮನಿಗೆ ನಕ್ಕವರ ಹಲ್ಲು ಮುರಿಯುವಷ್ಟು ಸಿಟ್ಟು; ಆದರೆ ಪಗಾರದ ಹಂಗು ನಾಲಿಗೆಯನ್ನು ಕಟ್ಟಿತ್ತು.

ಸಾಹೇಬರು ಎಲ್ಲರನ್ನೂ ಎಬ್ಬಿಸಿದರು. ಖಂಡಪ್ಪನನ್ನೂ ಬಿಡಲಿಲ್ಲ. ತಾಯಿ ಮಗಳು ಇಬ್ಬರೇ ಉಳಿದ ಮೇಲೆ ಅವರ ದನಿ ಬದಲಾಯಿತು.

"ಅವ್ವಾ, ಖರೇ ಹೇಳು. ಕಾಲು ಏನರೆ ಸುಧಾರಿಸ್ಯಾದೇನು? ಜರಾ ಆದ್ರೂ?"

ಇದೇನೋ ಕಚೇರಿಯ ಬಲೆ ಎಂದುಕೊಂಡಳು ಮರಿಲಿಂಗಮ್ಮ. ಸಾಹೇಬರು ಗುಡಿಯ ಕಡೆ ನೋಡಿದರು. "ನನ್ನ ಮಗನಿಗೂ ಹಿಂಗೇ ಅದ. ನೀ ಹ್ಯಾಂಗ ನಡಕೊಂಡಿ, ಏನು ಹರಕಿ ಹೊತ್ತಿ, ಹೇಳು. ನಾನೂ ಹೊರ್ತೀನಿ."

ಹೌದು ಎಂದರೆ ಸಾಹೇಬರಿಗೆ ಸಂತೋಷ, ಖಂಡಪ್ಪನಿಗೆ ಸಂತೋಷ, ಊರಿಗೆ ಸಂತೋಷ, ಮಗಳಿಗೆ ಮನೆಯ ಮೂಲೆ. ಇಲ್ಲ ಎಂದರೆ ಎದುರಿಗೆ ಕೂತ ಈ ತಂದೆಯ ಆಸೆಗೆ ಕಲ್ಲು. ಸರ್ಕಾರದ ಮನುಷ್ಯನ ಮೇಲೆ ಮರಿಲಿಂಗಮ್ಮನಿಗೆ ಮರುಕ ಹುಟ್ಟಿದ್ದು ಅದೇ ಮೊದಲು.

"ಕಾಲು ನಾ ಬೇಡಿದ್ದಿಲ್ರಿ ಸಾಹೇಬ್ರ. ಪಗಾರ ಬೇಡಿದ್ದೆ. ದೇವಿ ಅದನ್ನ ಕೊಟ್ಟಳು."

"ಕಾಲು ಯಾಕ ಬೇಡಲಿಲ್ಲ?"

"ಬೇಡಿ ಬೇಡಿ ಸಾಕಾತ್ರಿ. ಕೊಡಾಕ ಆಗೋದನ್ನ ಬೇಡಬೇಕಲ್ರಿ."

ಸಾಹೇಬರು ಕರಪತ್ರವನ್ನು ಮಡಿಚಿಟ್ಟು, ಪೆನ್ನು ತೆಗೆದು ಬರೆಯತೊಡಗಿದರು. "ನನಗ ಅದನ್ನೂ ಬೇಡಾಕ ಬರಂಗಿಲ್ಲ. ಮಗನ ಪಗಾರಕ್ಕ ನನ್ನ ಪಗಾರ ಅಡ್ಡ ಬರ್ತದ" ಎಂದು ನಗಲು ನೋಡಿದರು.

ಏನಾದರೂ ಮಾತಾಡಬೇಕಲ್ಲ ಎಂದು ಮರಿಲಿಂಗಮ್ಮ ಕೇಳಿದಳು. "ಯಾವ ಸಾಲಿಗೆ ಹೋಗ್ತಾನ್ರಿ ಮಗ?"

"ಸಾಲಿಗೆ ಎಲ್ಲಿ ಕಳಸ್ಲಿ? ಮನಿಯಾಗೇ ಇರ್ತಾನ. ಅವ ಎದ್ದು ನಡೆದ್ರ ಮಂದಿ ನಿಂತು ನೋಡ್ತಾರ, ನಗ್ತಾರ. ಪಾಪ, ಕೂಸಿಗೆ ಎಷ್ಟು ಅವಮಾನ, ನೀನೇ ಹೇಳು."

"ನನ್ನ ಮೂರು ಸಲ ನಡಸಿದ್ರಲ್ರಿ, ಇಡೀ ಊರ ಮುಂದ" ಎಂದಳು ಸುಂದ್ರಮ್ಮ.

ಸಾಹೇಬರ ಪೆನ್ನು ನಿಂತಿತು. ಇನ್ನೂ ಸಹಿ ಬಿದ್ದಿರಲಿಲ್ಲ. ಮಗಳ ಬಾಯಿಗೆ ಅಡ್ಡ ಹಿಡಿಯಲು ಮರಿಲಿಂಗಮ್ಮನ ಕೈ ತಾನಾಗಿ ಎದ್ದಿತು. ಆದರೆ ಆ ಲಂಗದ ಮೇಲೆ ಇನ್ನೂ ಮಣ್ಣು ಹತ್ತಿಕೊಂಡಿತ್ತು. ಅವಳು ಕೈ ಇಳಿಸಿದಳು. ಪಗಾರ ಹೋದರೆ ಹೋಗಲಿ ಎಂದು ಮಗಳ ಪಕ್ಕಕ್ಕೆ ಸರಿದು ಕೂತಳು.

ಸಾಹೇಬರು ತಲೆ ಎತ್ತಲಿಲ್ಲ. ಕಾಲು ಸುಧಾರಿಸಿಲ್ಲ, ಮಾಸಾಶನ ಮುಂದುವರಿಸಬೇಕು ಎಂದು ಬರೆದು, ಅವರಿಗೆ ಓದಿ ಹೇಳಿ, ಸಹಿ ಹಾಕಿದರು. ಬೈಕಿನ ತನಕ ಹೋದವರು ತಿರುಗಿ ಬಂದು ಸುಂದ್ರಮ್ಮನ ಎದುರು ನಿಂತರು.

"ಸಾಲಿಯಾಗ ಹುಡುಗ್ರು ನಗ್ತಾರೇನವ್ವಾ?"

"ನಗ್ತಾರ್ರಿ."

"ಮತ್ತ ನೀ ಏನು ಮಾಡ್ತಿ?"

"ಮರುದಿನಾನೂ ಹೋಗ್ತೀನ್ರಿ."